ಹಲಸೂರಿನಿಂದ ಕೆ.ಆರ್. ಪುರದವರೆಗೆ: ಪುಟ್ಟ ಮನೆ ಕೊಳ್ಳುವ ಮುನ್ನ ನೆಲದ ಮೂಲ ಕೇಳಿ

ಇಂದಿರಾನಗರದ ನೂರಡಿ ರಸ್ತೆಯ ಆಸುಪಾಸಿನಲ್ಲಿ ಸಂಬಳದ ದುಡ್ಡಿನಿಂದ ಸ್ವಂತ ಮನೆ ಕೊಳ್ಳುವುದು ಈಗ ಹೆಚ್ಚಿನವರಿಗೆ ಸಾಧ್ಯವಿಲ್ಲ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ಮೆಟ್ರೊ ಕೊಂಡಿ ತೆರೆದ ಮೇಲೆ, ಇನ್ನೆರಡು ನಿಲ್ದಾಣ ಆಚೆ ಹೋಗಿ ಎರಡು ಕೋಣೆಯ ಹಳೆಯ ಫ್ಲ್ಯಾಟನ್ನೋ, ಇಪ್ಪತ್ತು–ಮೂವತ್ತು ಅಳತೆಯ ಸೈಟಿನ ಮನೆಯನ್ನೋ ಹುಡುಕುವವರು ಹೆಚ್ಚಿದ್ದಾರೆ. ಹುಡುಕಾಟ ಸರಿಯೇ. ಆದರೆ ಹಳೆ ಮದ್ರಾಸ್ ರಸ್ತೆಯಲ್ಲಿ ಹಲಸೂರಿನಿಂದ ಕೆ.ಆರ್. ಪುರ ತಲುಪುವಷ್ಟರಲ್ಲಿ ನೆಲದ ಚರಿತ್ರೆ ಮೂರು ಬಗೆಯಾಗುತ್ತದೆ. ಕೇಳಬೇಕಾದ ಕಾಗದಗಳೂ ಹಾಗೆಯೇ ಬದಲಾಗುತ್ತವೆ.

ಮೊದಲು ಕೈಯಲ್ಲಿರುವ ದುಡ್ಡು

ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದಿಂದ 75 ಲಕ್ಷ ರೂಪಾಯಿವರೆಗಿನ ಗೃಹಸಾಲ ಆಸ್ತಿ ಮೌಲ್ಯದ ಶೇ 80 ಮೀರುವಂತಿಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಎಲ್ಲ ಸೇರಿ ಸುಮಾರು ಶೇ 7.6 ಆಗುತ್ತದೆ, ಇದಕ್ಕೆ ಸಾಲ ಸಿಗುವುದಿಲ್ಲ. ಅಂದರೆ 60 ಲಕ್ಷದ ಮನೆಗೆ ನೀವು ಕೈಯಿಂದ ಹಾಕಬೇಕಾದ್ದು 12 ಲಕ್ಷವಲ್ಲ, ಹದಿನಾರೂವರೆ ಲಕ್ಷ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1ರಷ್ಟು ಟಿಡಿಎಸ್ ಹಿಡಿದು ಕಟ್ಟುವ ಹೊಣೆಯೂ ಕೊಳ್ಳುವವರದೇ. ಮಾರುವವರು ಅನಿವಾಸಿ ಭಾರತೀಯರಾದರೆ ಆ ದರ ಬೇರೆ, ಹೆಚ್ಚು. ದಂಡು (ಕಂಟೋನ್ಮೆಂಟ್) ಪ್ರದೇಶದ ಹಳೆಯ ಮನೆ ನೋಡುವವರು ಇದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಒಂದಿಷ್ಟನ್ನು ಲೆಕ್ಕಕ್ಕೆ ಬಾರದ ನಗದಾಗಿ ಕೊಡಿ ಎಂದರೆ ಒಪ್ಪಬೇಡಿ. ಅದು ಅಕ್ರಮ, ಜೊತೆಗೆ ಪತ್ರದಲ್ಲಿ ತೋರಿಸಿದ ಬೆಲೆ ಇಳಿದಂತೆ ನಿಮಗೆ ಸಿಗುವ ಸಾಲವೂ ಇಳಿಯುತ್ತದೆ.

ನೆಲ ಯಾವ ಬಗೆಯದು?

ಶಿವಾಜಿನಗರ, ಹಲಸೂರು, ಫ್ರೇಜರ್ ಟೌನ್ ಕಡೆಯ ಹಳೆಯ ಪತ್ರಗಳಲ್ಲಿ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂದಿದ್ದರೆ ಗಾಬರಿಯಾಗಬೇಡಿ. ದಂಡು ಮತ್ತು ಪೇಟೆಯ ಪುರಸಭೆಗಳು 1949ರಲ್ಲಷ್ಟೇ ಒಂದಾದವು. ಇಲ್ಲಿ ನೋಡಬೇಕಾದ್ದು ತಲೆಮಾರುಗಳಿಂದ ಭಾಗವಾಗದೆ ಉಳಿದ ಮನೆ, ಎರಡು ಮನೆಗೆ ಒಂದೇ ಗೋಡೆ, ಓಡಾಡುವ ಓಣಿಯ ಹಕ್ಕು. ಆಸ್ತಿ ವಕ್ಫ್ ಅಥವಾ ಮುಜರಾಯಿ ಪಟ್ಟಿಯಲ್ಲಿದೆಯೇ ಎಂಬುದನ್ನೂ ವಕೀಲರಿಂದ ಪರಿಶೀಲಿಸಿ.

ಇಂದಿರಾನಗರ, ಎಚ್‌ಆರ್‌ಬಿಆರ್‌ನಂಥ ಬಿಡಿಎ ಬಡಾವಣೆಗಳಲ್ಲಿ ದಾರಿ ಸುಲಭ. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಬಿಡಿಎ ಕೊಟ್ಟ ಶುದ್ಧ ಕ್ರಯಪತ್ರ, ಅಲ್ಲಿಂದ ಇಂದಿನ ಮಾಲೀಕರವರೆಗಿನ ಸರಪಳಿ: ಇಷ್ಟು ಕೂಡಿದರೆ ಅರ್ಧ ಚಿಂತೆ ಕಳೆಯಿತು.

ಕೆ.ಆರ್. ಪುರ, ರಾಮಮೂರ್ತಿನಗರ, ಹೊರಮಾವು ಕಡೆಯೇ ನಿಜವಾದ ಪರೀಕ್ಷೆ. ಕೆ.ಆರ್. ಪುರ ನಗರಸಭೆ ಬಿಬಿಎಂಪಿಗೆ ಸೇರಿದ್ದು 2007ರಲ್ಲಿ. ಅದಕ್ಕೂ ಮೊದಲು ಹೊಲ, ತೋಟಗಳನ್ನು ತುಂಡು ಮಾಡಿ ಮಾರಿದ ರೆವಿನ್ಯೂ ಸೈಟುಗಳ ಮೇಲೆ ಬೀದಿಗೆ ಬೀದಿಯೇ ಎದ್ದು ನಿಂತಿದೆ. ಇಲ್ಲಿ ಸರ್ವೆ ನಂಬರ್ ಹಿಡಿದು ಹಿಂದಕ್ಕೆ ಹೋಗಬೇಕು: ಪಹಣಿ, ಮ್ಯುಟೇಷನ್, ಭೂಪರಿವರ್ತನೆ ಆದೇಶ, ಜಮೀನು ಮಾರಿದ ಕುಟುಂಬದ ವಂಶವೃಕ್ಷ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬೆರಳಿಟ್ಟು ಓದಿ. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತು. ಅಣ್ಣತಮ್ಮಂದಿರಷ್ಟೇ ಸಹಿ ಹಾಕಿದ ಕ್ರಯ ಮುಂದೊಂದು ದಿನ ನ್ಯಾಯಾಲಯದ ಮೆಟ್ಟಿಲೇರಬಹುದು. ಹಾಗೆ ಏರುವ ಅಕ್ಕತಂಗಿಯರ ಬೇಡಿಕೆ ನ್ಯಾಯವಾದದ್ದೇ. ಜಮೀನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಅನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ. ಬರೀ ಜಿಪಿಎ ತೋರಿಸಿ ಮಾರಲು ಬಂದವರಿಂದ ಕೊಳ್ಳಬೇಡಿ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ.

ಖಾತೆ ಮತ್ತು ಇಸಿ

ಎ ಖಾತೆಯೇ ಇರಲಿ ಎಂಬುದು ನನ್ನ ಸಲಹೆ. ಬಿ ಖಾತೆಯ ಮನೆ ಅಗ್ಗ ನಿಜ, ಆದರೆ ಹೆಚ್ಚಿನ ಬ್ಯಾಂಕುಗಳು ಅದಕ್ಕೆ ಸಾಲ ಕೊಡುವುದಿಲ್ಲ. ‘ಆಮೇಲೆ ಎ ಖಾತೆ ಮಾಡಿಸಿಕೊಳ್ಳಬಹುದು’ ಎಂದು ಮಾರುವವರು ಹೇಳಿದರೆ, ಮಾಡಿಸಿಯೇ ಮಾರಲಿ. ಖಾತೆ ತೆರಿಗೆಯ ದಾಖಲೆ ಮಾತ್ರ, ಮಾಲೀಕತ್ವ ನಿಲ್ಲುವುದು ಕ್ರಯಪತ್ರದ ಮೇಲೆ ಎಂಬುದೂ ನೆನಪಿರಲಿ. 2024ರ ಕೊನೆಯಿಂದ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ.

ಋಣಭಾರ ಪತ್ರ (ಇಸಿ) ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕೇ ನಿಲ್ಲಬೇಡಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ 30 ವರ್ಷದ್ದನ್ನು ತೆಗೆಸಿ. ನೋಂದಣಿಯ ಹಿಂದಿನ ದಿನ ಇನ್ನೊಮ್ಮೆ ತೆಗೆಯಿರಿ.

ಮಳೆಗಾಲದಲ್ಲಿ ಬೀದಿ ನೋಡಿ

ಹೊರಮಾವಿನ ಸಾಯಿ ಲೇಔಟ್ 2024ರಲ್ಲೂ 2025ರಲ್ಲೂ ಜಲಾವೃತವಾಯಿತು. ಅಲ್ಲಿ ಮನೆ ಕಟ್ಟಿಕೊಂಡವರಲ್ಲಿ ಬಹುತೇಕರು ನಮ್ಮನಿಮ್ಮಂತೆ ದುಡಿದು ಸಾಲ ತೀರಿಸುತ್ತಿರುವವರೇ. ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದು ಮನೆಯ ಮುಂದೆ ನಿಂತರೆ ಕಾಲ ಕೆಳಗಿನ ಸರ್ವೆ ನಂಬರ್, ಹತ್ತಿರದ ಕೆರೆ, ಖರಾಬು ತೋರಿಸುತ್ತದೆ. 2015ರ ಮಾಸ್ಟರ್ ಪ್ಲ್ಯಾನ್ ಪ್ರಕಾರ ರಾಜಕಾಲುವೆಯ ಮಧ್ಯದಿಂದ ಅಳೆದು ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಮೀಸಲು ವಲಯ. ಅದರೊಳಗೆ ಮನೆಯಿದ್ದರೆ ಎಷ್ಟೇ ಚೆಂದವಿದ್ದರೂ ಬಿಡಿ. ಬೀದಿಯ ಅಂಗಡಿಯವರನ್ನು, ಇಸ್ತ್ರಿ ಮಾಡುವವರನ್ನು ಮಾತಾಡಿಸಿ: ನೀರು ಎಲ್ಲಿವರೆಗೆ ನಿಲ್ಲುತ್ತದೆ? ಕಾವೇರಿ ನೀರು ವಾರಕ್ಕೆ ಎಷ್ಟು ದಿನ? ಬೇಸಿಗೆಯಲ್ಲಿ ಟ್ಯಾಂಕರ್ ಎಷ್ಟು?

ಫ್ಲ್ಯಾಟಾದರೆ ಸ್ವಾಧೀನಾನುಭವ ಪತ್ರ, ಮಂಜೂರಾದ ನಕ್ಷೆ, ನಿಮ್ಮ ಪಾಲಿಗೆ ಬರುವ ಅವಿಭಜಿತ ನೆಲದ ಅಳತೆ ಕೇಳಿ. 500 ಚದರ ಮೀಟರ್ ಮೀರದ ನೆಲದಲ್ಲಿ, ಅಥವಾ ಎಂಟು ಫ್ಲ್ಯಾಟ್ ಮೀರದಂತೆ ಕಟ್ಟಿದ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ. ಅಂಥ ಸಣ್ಣ ಕಟ್ಟಡಗಳಲ್ಲಿ ನಕ್ಷೆಗಿಂತ ಒಂದು ಮಹಡಿ ಹೆಚ್ಚಿದೆಯೇ ಎಂದು ಎಣಿಸಿ ನೋಡಿ.

ಕರಾರು, ನೋಂದಣಿ

ಮುಂಗಡ ಕೊಡುವ ಮುನ್ನ ನಿಮ್ಮದೇ ವಕೀಲರ ಲಿಖಿತ ಅಭಿಪ್ರಾಯ ಪಡೆಯಿರಿ. ದಲ್ಲಾಳಿ ಗೊತ್ತುಮಾಡಿದವರು ಬೇಡ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತವನ್ನು. ದಾಖಲೆಯ ದೋಷದಿಂದ ಸಾಲ ಸಿಗದಿದ್ದರೆ ಮುಂಗಡ ಪೂರ್ತಿ ಹಿಂದಿರುಗಿಸಬೇಕೆಂಬ ಷರತ್ತು ಕರಾರಿನಲ್ಲಿರಲಿ. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆಗೆ ಕಾಯಿರಿ.

ನೋಂದಣಿಯಾದ ವಾರದೊಳಗೆ ಇ-ಖಾತೆ ವರ್ಗಾವಣೆ, ಬೆಸ್ಕಾಂ ಮತ್ತು ಜಲಮಂಡಳಿ ಸಂಪರ್ಕದ ಹೆಸರು ಬದಲಾವಣೆಯ ಕೆಲಸ ನೋಡಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಖಾತೆಗೆ ಹೋಗಬೇಕಾದ್ದು ಹೊಸ ಪಾಲಿಕೆಗಳಿಗೆ. ಕೆ.ಆರ್. ಪುರದ ಮನೆಯಾದರೆ ಬೆಂಗಳೂರು ಪೂರ್ವ ನಗರ ಪಾಲಿಕೆ, ಶಿವಾಜಿನಗರದ್ದಾದರೆ ಕೇಂದ್ರ ನಗರ ಪಾಲಿಕೆ. ಹಿಂದಿನ ಮಾಲೀಕರ ತೆರಿಗೆ ರಸೀದಿಗಳನ್ನು ಅಸಲು ಪತ್ರಗಳ ಜೊತೆಗೇ ಕೇಳಿ ಪಡೆದುಕೊಳ್ಳಿ.