ಸಪ್ಪೆಯೂಟ ಮತ್ತು ಪಾರಣೆಯ ರುಚಿ

ಉಪ್ಪು ಹಾಕಲು ಮರೆತ ಸಾರು ಮನೆಯಲ್ಲಿ ಎಷ್ಟು ಅಸಮಾಧಾನಕ್ಕೆ ಕಾರಣವಾಗುವುದೆಂಬುದು ಗೃಹಿಣಿಯರಿಗೆಲ್ಲ ತಿಳಿದ ವಿಷಯ. ಮೊದಲ ತುತ್ತಿಗೇ ಯಜಮಾನರು ಹುಬ್ಬು ಗಂಟಿಕ್ಕುವರು. ಮಕ್ಕಳು ತಟ್ಟೆಯನ್ನು ಸರಿಸುವರು. ಭಾನುವಾರ ಉಪ್ಪನ್ನು ತ್ಯಜಿಸುವ ರೂಢಿ ಹಲವು ಶ್ರಾವಕರ ಮನೆಗಳಲ್ಲಿ ಉಂಟಷ್ಟೆ. ಆ ದಿನ ಅದೇ ಸಪ್ಪೆ ಸಾರನ್ನು ಅದೇ ಯಜಮಾನರು ಮೌನವಾಗಿ ಉಂಡೇಳುವರು. ಪಾತ್ರೆಯಲ್ಲಿರುವ ಪದಾರ್ಥದಲ್ಲಿ ಕಿಂಚಿತ್ತೂ ಭೇದವಿಲ್ಲ. ಒಂದು ದಿನ ಉಪ್ಪು ತಪ್ಪಿಹೋಯಿತು, ಇನ್ನೊಂದು ದಿನ ಅದನ್ನು ಬಿಡಲಾಯಿತು.

ಆದರೆ ಎರಡು ಊಟಗಳಿಗೂ ಸಮಾನವಾದ ಒಂದು ಪರಿಣಾಮವುಂಟು. ಮರುದಿನ ಹದವಾಗಿ ಉಪ್ಪು ಬಿದ್ದ ಅನ್ನ ಸಾರು ಎಂದಿಗಿಂತ ಹೆಚ್ಚು ರುಚಿಸುವುದು. ಒಂದೇ ರುಚಿಯನ್ನು ನಿತ್ಯವೂ ಉಣ್ಣುತ್ತಿದ್ದರೆ ನಾಲಗೆ ಅದನ್ನು ಗಮನಿಸುವುದನ್ನೇ ಬಿಡುತ್ತದೆ, ಅಭಾವವೊದಗಿದಾಗ ಎಚ್ಚರಗೊಳ್ಳುತ್ತದೆ. ಇದು ದೇಹಧರ್ಮ. ಇದರಲ್ಲಿ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಮರುದಿನ ತಾನಾಗಿ ಬರುವ ಈ ರುಚಿಯನ್ನು ಏನು ಮಾಡಬೇಕು ಎಂಬುದೇ ವ್ರತಿಕರ ಮುಂದಿರುವ ಪ್ರಶ್ನೆ.

ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಹೇಳಿರುವ 6 ಬಾಹ್ಯ ತಪಗಳಲ್ಲಿ ನಾಲ್ಕನೆಯದು ರಸಪರಿತ್ಯಾಗ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಇವೇ ಆರು ರಸಗಳು. ಇವುಗಳಲ್ಲಿ ಒಂದನ್ನಾಗಲಿ ಎಲ್ಲವನ್ನಾಗಲಿ ಬಿಡಬಹುದು. ಏತಕ್ಕಾಗಿ ಬಿಡಬೇಕೆಂಬುದನ್ನು ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ಇಂದ್ರಿಯಗಳ ದರ್ಪವನ್ನು ಅಡಗಿಸುವುದು, ನಿದ್ರೆಯನ್ನು ಗೆಲ್ಲುವುದು, ಸ್ವಾಧ್ಯಾಯವು ಸುಖವಾಗಿ ಸಾಗುವಂತೆ ಮಾಡುವುದು ಮೊದಲಾದವು ಅದರ ಪ್ರಯೋಜನಗಳು. ನಾಳೆಯ ಊಟವನ್ನು ಸವಿಗೊಳಿಸುವುದು ಅಲ್ಲಿ ಹೇಳಿದ ಪ್ರಯೋಜನವಲ್ಲ.

ಮನೆಗಳಲ್ಲಿ ನಡೆಯುವುದಾದರೂ ಏನು? ಉಪ್ಪು ಬಿಟ್ಟ ದಿನ ಪಾಯಸವಾಗುತ್ತದೆ. ಸಕ್ಕರೆ ಬಿಟ್ಟ ದಿನ ಖರ್ಜೂರ, ದ್ರಾಕ್ಷಿಗಳು ಬಟ್ಟಲು ತುಂಬುತ್ತವೆ. ಅಷ್ಟಮಿಯ ಮಧ್ಯಾಹ್ನವೇ ನವಮಿಯ ಹೋಳಿಗೆಗೆ ಎಷ್ಟು ಬೇಳೆ ಬೇಯಿಸಬೇಕೆಂಬ ಚರ್ಚೆ ಆರಂಭವಾಗುತ್ತದೆ. ಬಾಯಿ ಮುಚ್ಚಿದೆ, ಜಿಹ್ವೆಯು ಮಾತ್ರ ಎಲೆ ಹಾಕಿಕೊಂಡು ಕುಳಿತಿದೆ. ಹೀಗಾದಾಗ ಉಪವಾಸವು ಮುಂದಿನ ಊಟಕ್ಕೆ ಕೊಟ್ಟ ಒಗ್ಗರಣೆಯಾಗುವುದೇ ಹೊರತು ತಪವೆನಿಸದು. ಹಸಿವಿನ ಬಾಧೆಯಿಂದ ಆವಶ್ಯಕ ಕ್ರಿಯೆಗಳಲ್ಲಿ ಉತ್ಸಾಹಗುಂದುವುದನ್ನು ‘ಅನಾದರ’ವೆಂದು ಕರೆದು ಪ್ರೋಷಧೋಪವಾಸದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಅಡಿಗೆಯ ಚಿಂತೆಯಲ್ಲಿ ಸಾಮಾಯಿಕವನ್ನು ಮುಗಿಸಿಬಿಡುವುದೂ ಇದರಿಂದ ಬಹಳ ದೂರವಿಲ್ಲ.

ಪೂರ್ವಾಚಾರ್ಯರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರೆಂಬುದಕ್ಕೆ ಪ್ರೋಷಧೋಪವಾಸದ ವಿಧಿಯೇ ಸಾಕ್ಷಿ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕು ವಿಧದ ಆಹಾರವನ್ನು ಬಿಡುವುದು ಉಪವಾಸವೆಂದೂ ಒಮ್ಮೆ ಮಾತ್ರ ಉಣ್ಣುವುದು ಪ್ರೋಷಧವೆಂದೂ ಬೇರ್ಪಡಿಸಿ ಹೇಳಿದ್ದಾರೆ. ಅದರಂತೆ ಸಪ್ತಮಿಯಲ್ಲಿ ಏಕಭುಕ್ತ, ಅಷ್ಟಮಿಯಲ್ಲಿ ಉಪವಾಸ, ನವಮಿಯಲ್ಲಿ ಮತ್ತೆ ಏಕಭುಕ್ತ. ಚತುರ್ದಶಿಯ ಹಿಂದುಮುಂದೆಯೂ ಇದೇ ಕ್ರಮ. ಹಿಂದಿನ ದಿನದ ಏಕಭುಕ್ತದ ಅರ್ಥ ಸುಲಭವಾಗಿ ತಿಳಿಯುತ್ತದೆ: ನಾಳೆ ಉಪವಾಸವೆಂದು ಇಂದೇ ಎರಡು ದಿನಗಳ ಊಟವನ್ನು ತುಂಬಿಕೊಳ್ಳಬಾರದು. ವಿಚಾರಯೋಗ್ಯವಾದುದು ನವಮಿಯ ಕಟ್ಟು. ನಾಲಗೆ ಅತ್ಯಂತ ಹರಿತವಾಗಿರುವ ದಿನವದು. ಬರಿಯ ಹೆಸರುಬೇಳೆಯ ಕಟ್ಟು ಸಹ ಅಮೃತದಂತೆ ತೋರುತ್ತದೆ. ಸರಿಯಾಗಿ ಅದೇ ದಿನ ಎರಡನೆಯ ಊಟವಿಲ್ಲ. ರುಚಿಯನ್ನು ಯಾರೂ ನಿಷೇಧಿಸಲಿಲ್ಲ. ಅದರ ಬೆನ್ನುಹತ್ತಿ ಹೋಗುವ ದಾರಿಯನ್ನು ಮಾತ್ರ ಮುಚ್ಚಿದರು. ಪಾರಣೆಯ ನೆಪದಲ್ಲಿ ಮೂರು ಹೊತ್ತು ಉಣಿಸುವ ಮನೆಯವರ ಪ್ರೀತಿ ದೊಡ್ಡದಾದರೂ, ಅದು ವ್ರತದ ಮೂರನೆಯ ಭಾಗವನ್ನು ಕೆಡಿಸುತ್ತದೆ.

ಆ ಒಂದು ಊಟದಲ್ಲಿ ಕಲಿಯಬೇಕಾದ ಪಾಠವೊಂದಿದೆ. ನಿನ್ನೆ ಮೊನ್ನೆ ಬೇಸರ ತರಿಸಿದ್ದ ಅನ್ನವೇ ಇಂದು ಸವಿಯಾಗಿದ್ದರೆ, ಆ ಸವಿ ಅನ್ನದಲ್ಲಿತ್ತೇ, ಹಸಿವಿನಲ್ಲಿತ್ತೇ? ಅನ್ನದಲ್ಲಿಯೇ ಇದ್ದಿದ್ದರೆ ಎಂದೂ ಕುಂದಬಾರದಾಗಿತ್ತು. ಉಪ್ಪಿನ ವಿಷಯದಲ್ಲಂತೂ ಇದು ಕಣ್ಣಿಗೆ ಕಾಣುವಂತಿದೆ. ಕೆಲವು ವಾರಗಳ ಕಾಲ ಉಪ್ಪನ್ನು ಕಡಿಮೆ ಮಾಡಿದವರಿಗೆ ಮೊದಲಿನ ಪ್ರಮಾಣವೇ ಅತಿಯೆನಿಸತೊಡಗುವುದನ್ನು ವೈದ್ಯಶಾಸ್ತ್ರಜ್ಞರು ಪರೀಕ್ಷಿಸಿ ಕಂಡಿದ್ದಾರೆ. ವಾರಕ್ಕೊಮ್ಮೆ ಬಿಟ್ಟರೆ ರುಚಿ ಏರುತ್ತದೆ. ಬಹುಕಾಲ ಮಿತಗೊಳಿಸಿದರೆ ಬಯಕೆಯೇ ಇಳಿಯುತ್ತದೆ. (ರಕ್ತದೊತ್ತಡ, ಮಧುಮೇಹ ಮುಂತಾದವುಗಳಿಗೆ ಔಷಧಿ ಸೇವಿಸುವವರು ಆಹಾರವನ್ನು ಬದಲಿಸುವ ಮುನ್ನ ವೈದ್ಯರನ್ನು ಕೇಳಬೇಕು. ಶಕ್ತಿಗನುಸಾರವಾಗಿ ತಪವೆಂಬುದೂ ಆಗಮದ ಮಾತೇ.)

ಭಗವಾನ್ ಆದಿನಾಥರ ಕಥೆಯನ್ನು ಅಕ್ಷಯ ತೃತೀಯೆಯಂದು ಎಲ್ಲರೂ ಕೇಳಿರುತ್ತಾರೆ. ಆರು ತಿಂಗಳ ಅನಶನ ಮುಗಿದು ಚರ್ಯೆಗೆ ಹೊರಟಾಗ ಆಹಾರದಾನದ ವಿಧಿಯನ್ನರಿಯದ ಜನರು ರತ್ನ, ಆನೆ, ಕುದುರೆಗಳನ್ನು ತಂದೊಪ್ಪಿಸಿದರು. ಮತ್ತೆ ಅನೇಕ ತಿಂಗಳುಗಳು ಹಾಗೆಯೇ ಕಳೆದವು. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನಿಗೆ ಪೂರ್ವಜನ್ಮದ ಸ್ಮರಣೆಯಾಗಿ ಅವನು ಇಕ್ಷುರಸವನ್ನು ನೀಡಿದನು. ಅಷ್ಟು ದೀರ್ಘ ನಿರಾಹಾರದ ಬಳಿಕ ದೊರೆತ ಕಬ್ಬಿನ ಹಾಲು ಎಷ್ಟು ಸಿಹಿಯಾಗಿದ್ದೀತೆಂದು ಕೇಳುವವರು ಗೃಹಸ್ಥರಾದ ನಾವು. ಅಲ್ಲಿ ಹರ್ಷವು ಕೊಟ್ಟವನದು, ಕೊಂಡಾಟವು ದಾನಕ್ಕೆ.

ಇಂದಿಗೂ ಮುನಿಚರ್ಯೆಯಲ್ಲಿ ಇದು ಕಾಣದ ಸಂಗತಿಯಲ್ಲ. ಅಂಜಲಿಯಲ್ಲಿ ಕೂದಲೊಂದು ಕಂಡರೆ ಅಂತರಾಯ; ಒಂದೇ ತುತ್ತು ಆಗಿದ್ದರೂ ಅಂದಿನ ಆಹಾರ ಅಲ್ಲಿಗೆ ಮುಗಿಯಿತು, ನೀರೂ ಇಲ್ಲ. ಮನೆಯವರು ಕಣ್ಣೀರಿಡುತ್ತಾರೆ, ಬೆಳಗಿನಿಂದ ಶೋಧಿಸಿದ ಅಕ್ಕಿಯನ್ನು, ಸೋಸಿದ ನೀರನ್ನು ನೆನೆಸಿಕೊಂಡು ಸೊಸೆಯು ತನ್ನನ್ನೇ ದೂಷಿಸಿಕೊಳ್ಳುತ್ತಾಳೆ. ಮುನಿಗಳು ಕಮಂಡಲು ಪಿಂಛಿಗಳನ್ನು ತೆಗೆದುಕೊಂಡು ಹೊರಡುತ್ತಾರೆ. ಮರುದಿನ ಬೇರೊಂದು ಮನೆಯಲ್ಲಿ ನಿಂತು ಅಂಜಲಿಯನ್ನೊಡ್ಡುತ್ತಾರೆ. ತುಪ್ಪವೋ ಬರಿಯ ಗಂಜಿಯೋ, ಬಿದ್ದ ಪ್ರತಿಯೊಂದು ತುತ್ತನ್ನೂ ಹೆಬ್ಬೆರಳಿನಿಂದ ಸರಿಸಿ ನೋಡುತ್ತಾರೆ. ಅವರ ದೃಷ್ಟಿ ಅರಸುತ್ತಿರುವುದು ಜೀವಜಂತುವನ್ನು.