ನೆಗೆಣ್ಣಿಯ ಕುಂದಾ, ನಿಮ್ಮ ತೂಕ

ಪ್ರಶ್ನೆ: ನೆಗೆಣ್ಣಿ ಕುಂದಾ ತಿಂದರೂ ತೆಳ್ಳಗಿದ್ದಾಳೆ. ನಾನು ಒಂದೂವರೆ ರೊಟ್ಟಿಗೇ ದಪ್ಪಗಾಗುತ್ತೇನೆ. ಮನೆಯವರೆಲ್ಲ ನನ್ನ ತಾಟನ್ನೇ ನೋಡುತ್ತಾರೆ. ಏನು ಮಾಡಲಿ?
– ಓದುಗಿ, ಮಹಾಂತೇಶ ನಗರ, ಬೆಳಗಾವಿ

ಉತ್ತರ: ನೋಡ್ರಿ ಅಕ್ಕಾರ, ಎಲ್ಲ ತಪ್ಪನ್ನೂ ನಾಲಗೆಯ ಮೇಲೆ ಹಾಕಬೇಡಿ. ವಂಶವಾಹಿ, ಸ್ನಾಯು, ನಿದ್ದೆ, ಥೈರಾಯ್ಡ್, ಕೆಲವು ಮಾತ್ರೆಗಳು ಎಲ್ಲವೂ ತೂಕದಲ್ಲಿ ಪಾಲುದಾರರು. ಇಸ್ರೇಲಿನ ವೈಜ್‌ಮನ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 800 ಜನರಿದ್ದರು. ಒಂದೇ ಆಹಾರ ತಿಂದರೂ ರಕ್ತದ ಸಕ್ಕರೆ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಏರಿತ್ತು.

ತೆಳ್ಳಗಿದ್ದವರೆಲ್ಲ ಆರೋಗ್ಯವಂತರು ಎಂಬುದೂ ಭ್ರಮೆಯೇ. ಪುಣೆಯ ಡಾ. ಯಾಜ್ಞಿಕ್, ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಪ್ರಕಟಿಸಿದರು. ಇಬ್ಬರ ಬಿಎಂಐ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2! ನಮ್ಮ ಕಡೆಯವರ ಕೊಬ್ಬು ಹೀಗೆ ಕಣ್ಣಿಗೆ ಬೀಳದೆ ಕೂತು, ಸಕ್ಕರೆ ಕಾಯಿಲೆಗೆ ದಾರಿ ಮಾಡಬಹುದು. ಹೀಗಾಗಿ ನೆಗೆಣ್ಣಿಯೂ ಸಕ್ಕರೆ ಪರೀಕ್ಷೆ ಮಾಡಿಸಲಿ. (ಅವರ ಕುಂದಾ ಲೆಕ್ಕವನ್ನು ನೀವೂ ಇಟ್ಟಿದ್ದೀರಿ, ಗಮನಿಸಿದಿರಾ?)

ತಾಟು ನೋಡುವವರಿಗೆ ‘ನನ್ನ ಊಟ ನನಗಿರಲಿ’ ಎಂದು ನಗುತ್ತಲೇ ಹೇಳಿಬಿಡಿ. ರೊಟ್ಟಿ ಬಿಟ್ಟು ಉಪವಾಸ ಕೂರಬೇಡಿ. ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ.