ಹಳ್ಳದ ದಡದ ಪುಟ್ಟ ಕುಂಬಾರ



ಪ್ರವಾದಿ ಯೆರೆಮೀಯನು ಕುಂಬಾರನ ಮನೆಗೆ ಹೋದ ಪ್ರಸಂಗ ನಮಗೆಲ್ಲ ಪರಿಚಿತ (ಯೆರೆಮೀಯ 18:1-6). ಕೆಟ್ಟುಹೋದ ಮಡಕೆಯ ಮಣ್ಣನ್ನು ಕುಂಬಾರನು ಬಿಸಾಡಲಿಲ್ಲ. ಅದರಿಂದಲೇ ಮತ್ತೊಂದು ಮಡಕೆ ಮಾಡಿದನು. ನಮ್ಮ ಕರ್ನಾಟಕದ ಕಾಡಿನಲ್ಲಿಯೂ ದೇವರು ಒಬ್ಬ ಪುಟ್ಟ ಕುಂಬಾರನನ್ನು ಇಟ್ಟಿದ್ದಾರೆ. ಅದೊಂದು ಕಪ್ಪೆ!

ಉತ್ತರ ಕನ್ನಡ ಜಿಲ್ಲೆಯ ಕತ್ತಲೆಕಾನಿನ ಹಳ್ಳಗಳಲ್ಲಿ ಇದರ ವಾಸ. ವಿಜ್ಞಾನಿ ಡಾ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಹೊಸ ಪ್ರಭೇದವೆಂದು ಗುರುತಿಸಿ, ಕುಂಬಾರನ ಹೆಸರನ್ನೇ ಇಟ್ಟರು. ಹೆಣ್ಣು ಕಪ್ಪೆ ನೀರಿನ ಮೇಲಿರುವ ಕಡ್ಡಿಗೋ ಕಲ್ಲಿಗೋ ಮೊಟ್ಟೆಗಳನ್ನು ಅಂಟಿಸಿ ಹೋಗುತ್ತದೆ. ಬಳಿಕ ಗಂಡು ಕಪ್ಪೆ ಹಳ್ಳದ ಕೆಸರನ್ನು ಮುಂಗೈಗಳಲ್ಲಿ ತೆಗೆದು, ಹಿಂಗಾಲುಗಳ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಅವು ಒಣಗದಂತೆ, ಶತ್ರುಗಳ ಕಣ್ಣಿಗೆ ಬೀಳದಂತೆ ಮಾಡುವ ಉಪಾಯವಿದು ಎನ್ನುತ್ತಾರೆ ವಿಜ್ಞಾನಿಗಳು. ಎಂತಹ ತಂದೆ!

ಆದರೆ ನೀರಿಲ್ಲದೆ ಕೆಸರಿಲ್ಲ. ಕೆಸರಿಲ್ಲದೆ ಈ ಕುಂಬಾರನಿಗೆ ಕೆಲಸವಿಲ್ಲ. ಕತ್ತಲೆಕಾನಿನಲ್ಲಿ ರಾಂಪತ್ರೆ ಜಡ್ಡಿ ಎಂಬ ಜೌಗು ಕಾಡುಗಳಿವೆ. ಇವು ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲೂ ಹಳ್ಳಕ್ಕೆ ಜಿನುಗಿಸುತ್ತವೆ. ಮಲೆನಾಡಿನ ಇಂತಹ ಅನೇಕ ಜಡ್ಡಿಗಳು ಗದ್ದೆ, ತೋಟಗಳಾಗಿ ಮಾಯವಾಗಿವೆ. ಉಳಿದಿರುವುದು ಅಲ್ಲೊಂದು ಇಲ್ಲೊಂದು ತುಂಡು ಮಾತ್ರ.

ತುಮಕೂರಿನವರಾದ ನಮಗೆ ಇದರಿಂದೇನು ಎನ್ನಬೇಡಿ. ಕುಂಬಾರ ಕಪ್ಪೆ ನಮ್ಮ ಬಯಲುಸೀಮೆಯಲ್ಲಿಲ್ಲ, ನಿಜ. ಆದರೆ ದೇವರಾಯನದುರ್ಗದ ಬುಡದಲ್ಲಿ ಬಂಡೆಯಿಂದ ಜಿನುಗುವ ನಾಮದ ಚಿಲುಮೆಯನ್ನು ನೋಡದವರಾರು? ಅದೇ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ಸೀಮೆಯನ್ನು ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ. ಬೆಟ್ಟದ ಮರ ಕಡಿದರೆ, ಕೆರೆಯ ಅಂಗಳಕ್ಕೆ ಕಸ ಸುರಿದರೆ, ಕೊಳವೆಬಾವಿಗಳನ್ನು ಲೆಕ್ಕವಿಲ್ಲದೆ ಕೊರೆದರೆ ಬತ್ತುವುದು ಕಪ್ಪೆಯ ಮನೆಯಷ್ಟೇ ಅಲ್ಲ, ನಮ್ಮ ಮಕ್ಕಳ ಬಿಂದಿಗೆಯೂ ಹೌದು.

ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸಿ' ಪತ್ರದಲ್ಲಿ, ಮನುಷ್ಯನಿಗೆ ಉಪಯೋಗವಿರಲಿ ಇಲ್ಲದಿರಲಿ, ಪ್ರತಿ ಜೀವಿಗೂ ತನ್ನದೇ ಬೆಲೆಯಿದೆ ಎಂದು ಬೋಧಿಸಿದರು. ಮಡಕೆ ಕೆಟ್ಟರೆ ಅದೇ ಮಣ್ಣಿನಿಂದ ಮತ್ತೊಂದನ್ನು ಮಾಡಬಹುದು. ಅಳಿದುಹೋದ ಜೀವಿಯನ್ನು ಮರಳಿ ಮಾಡಲು ನಮ್ಮಿಂದಾಗದು.

ಮನೆಯಲ್ಲಿ ಚಿಂತನೆಗೆ:
1. ತನ್ನ ಸಂತಾನಕ್ಕಾಗಿ ಕಪ್ಪೆ ಮಣ್ಣು ಹೊರುತ್ತದೆ. ನಮ್ಮ ಮಕ್ಕಳಿಗೆ ನಾವು ಎಂತಹ ನೀರು, ನೆಲ ಬಿಟ್ಟುಹೋಗುತ್ತೇವೆ?
2. ನಮ್ಮೂರಿನ ಕೆರೆಗೆ ನೀರು ಎಲ್ಲಿಂದ ಬರುತ್ತದೆ? ಈ ಭಾನುವಾರ ಬಲಿಪೂಜೆಯ ನಂತರ ಮಕ್ಕಳೊಂದಿಗೆ ಹೋಗಿ ನೋಡಿ ಬರೋಣವೇ?

ಪ್ರಾರ್ಥನೆ: ನಮ್ಮನ್ನು ಮಣ್ಣಿನಿಂದ ರೂಪಿಸಿದ ತಂದೆಯೇ, ನಿಮ್ಮ ಕೈಕೆಲಸವನ್ನು ಕೆಡಿಸದೆ ಕಾಯುವ ಮನಸ್ಸನ್ನು ನಮಗೆ ಕೊಡಿರಿ. ಆಮೆನ್.